ಮಲೆಗಳಲ್ಲಿ ಮದುಮಗಳು: ಎಪ್ಪತ್ತನೆಯ ಪುಟದಲ್ಲಿ ನಿಂತವರಿಗೆ

ಪ್ರಶ್ನೆ: ನನ್ನದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ಆಫೀಸಿನಲ್ಲಿ ದಿನವಿಡೀ ಮಲಯಾಳ, ಮನೆಯಲ್ಲಿ ಹವ್ಯಕ ಮಾತು, ತೋಟದ ಕೆಲಸಕ್ಕೆ ಬರುವವರ ಹತ್ತಿರ ತುಳು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮೂರು ಸಲ ಹಿಡಿದೆ, ಮೂರು ಸಲವೂ ಎಪ್ಪತ್ತನೆಯ ಪುಟದ ಆಸುಪಾಸಿನಲ್ಲಿ ಬಿಟ್ಟೆ. ಹೆಸರುಗಳು ಕಲಸಿಹೋಗುತ್ತವೆ, ಅಲ್ಲಿನ ಮಾತು ಅರ್ಥವಾಗುವುದಿಲ್ಲ, ವರ್ಣನೆ ಬಂದಾಗ ಕಣ್ಣು ಜಾರುತ್ತದೆ. ರಾತ್ರಿ ಮುಕ್ಕಾಲು ಗಂಟೆ ಬಿಡುವು ಸಿಗುತ್ತದೆ. ದಿನಕ್ಕೆ ಎಷ್ಟು ಪುಟ ಓದಬೇಕು? ಮೊದಲು ನಾಟಕದ ವಿಡಿಯೋ ನೋಡಿದರೆ ಸುಲಭವಾಗುತ್ತದೆಯೇ? ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಹನ್ನೊಂದು ವರ್ಷದ ಮಗಳಿಗೂ ಸ್ವಲ್ಪ ಓದಿ ಹೇಳಬೇಕೆಂದಿದೆ.

ಉತ್ತರ: ಮೂರು ಸಲ ಎಪ್ಪತ್ತು ಪುಟ ಎಂದರೆ ನೀವು ಆಗಲೇ ಇನ್ನೂರ ಹತ್ತು ಪುಟ ಓದಿದ್ದೀರಿ. ಓದುವ ತಾಳ್ಮೆ ಇಲ್ಲದವರು ಮೂರನೆಯ ಸಲ ಪುಸ್ತಕ ತೆಗೆಯುವುದೇ ಇಲ್ಲ. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತಿದ್ದೀರಿ ಎಂದರೆ ಅಲ್ಲಿ ಏನೋ ತಡೆ ಇದೆ. ಅದು ಯಾವುದೆಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ತಡೆ ಇದು: ಮೊದಲ ಪುಟಗಳಲ್ಲೇ ಗುತ್ತಿ ಎಂಬ ಆಳು ಮತ್ತು ಅವನ ನಾಯಿ ಹುಲಿಯ ನಮ್ಮನ್ನು ಕೈಹಿಡಿದು ಕಾಡಿನೊಳಗೆ ಕರೆದೊಯ್ಯುತ್ತಾರೆ. ಇವನೇ ಕಥಾನಾಯಕ ಎಂದು ನಮ್ಮ ಮನಸ್ಸು ತೀರ್ಮಾನಿಸಿಬಿಡುತ್ತದೆ. ಆಮೇಲೆ ಕಥೆ ಅವನನ್ನು ಬಿಟ್ಟು ಬೇರೆ ಮನೆಗಳ ಜಗಲಿ ಹತ್ತುತ್ತದೆ, ಹೊಸ ಹೆಗ್ಗಡೆಯವರು, ಅವರ ಮನೆಯವರು, ಆಳುಗಳು ಬರುತ್ತಾರೆ. ‘ಇದೆಲ್ಲ ನಡುವೆ ಬಂದದ್ದು, ಗುತ್ತಿ ಯಾವಾಗ ವಾಪಸ್ ಬರುತ್ತಾನೆ?’ ಎಂದು ಕಾಯುತ್ತ ಓದಿದರೆ ಆ ಪುಟಗಳೆಲ್ಲ ಅಡ್ಡಿಯಂತೆ ಕಾಣುತ್ತವೆ, ಹೆಸರು ನೆನಪಿಟ್ಟುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಹತ್ತು ಪುಟ ಕಳೆಯುವಷ್ಟರಲ್ಲಿ ದಾರಿ ತಪ್ಪಿರುತ್ತದೆ. ಎಪ್ಪತ್ತರ ಹತ್ತಿರ ಪುಸ್ತಕ ಮುಚ್ಚುವುದು ಹೀಗೆ.

ಕುವೆಂಪು ಇದನ್ನು ಮುಚ್ಚಿಟ್ಟಿಲ್ಲ. ಕಾದಂಬರಿಯ ಬಾಗಿಲಿನಲ್ಲೇ ಬರೆದಿಟ್ಟಿದ್ದಾರೆ: ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ!’ ಇದನ್ನು ತತ್ತ್ವವಾಕ್ಯವೆಂದು ಭಕ್ತಿಯಿಂದ ಓದಿ ಪುಟ ಮಗುಚುವವರೇ ಹೆಚ್ಚು. ಅದನ್ನು ಓದುವ ವಿಧಾನದ ಸೂಚನೆಯೆಂದು ಹಿಡಿಯಿರಿ. ನಾಯಕನನ್ನು ಹುಡುಕಬೇಡಿ ಎಂದೇ ಅದು ಹೇಳುತ್ತದೆ. ಅದೇ ಬರಹದ ಇನ್ನೊಂದು ಸಾಲು ನಿಮ್ಮ ‘ದಿನಕ್ಕೆ ಎಷ್ಟು ಪುಟ’ಕ್ಕೆ ನೇರ ಉತ್ತರ: ‘ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ!’ ಈ ಕಾದಂಬರಿಯಲ್ಲಿ ಜನ ಕಾಲ್ನಡಿಗೆಯಲ್ಲಿ ಹೋಗುತ್ತಾರೆ. ಬೈಸಿಕಲ್ಲು ಅಲ್ಲಿ ಊರೆಲ್ಲ ನಿಂತು ನೋಡುವ ಅದ್ಭುತ. ಆ ಜನರ ಬಾಯಲ್ಲಿ ಅದು ‘ಬೀಸೆಕಲ್ಲು’. ನಡೆಯುವವನ ವೇಗದಲ್ಲೇ ವಾಕ್ಯಗಳೂ ಇವೆ, ಅದಕ್ಕಿಂತ ಜೋರಾಗಿ ಹೋದರೆ ಕಾಲು ತೊಡರುತ್ತದೆ.

ಹಾಗಾದರೆ ಏನನ್ನು ಹಿಡಿದುಕೊಂಡು ಓದಬೇಕು? ಮನೆಗಳನ್ನು. ಇದು ಮನೆಗಳ ಮತ್ತು ಅವುಗಳ ನಡುವಿನ ಕಾಲುದಾರಿಗಳ ಕಾದಂಬರಿ. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಅತ್ತ ಮೇಗರವಳ್ಳಿ, ತೀರ್ಥಹಳ್ಳಿ. ವ್ಯಕ್ತಿಗಳ ಹೆಸರಿನ ಮುಂದೆ ಮನೆಯ ಹೆಸರು ಅಂಟಿಕೊಂಡೇ ಬರುತ್ತದೆ: ಕೋಣೂರು ಮುಕುಂದಯ್ಯ, ಬೆಟ್ಟಳ್ಳಿ ದೇವಯ್ಯ, ಹೂವಳ್ಳಿ ಚಿನ್ನಮ್ಮ. ನಿಮ್ಮ ಊರಿನಲ್ಲೂ ಒಬ್ಬರನ್ನು ಗುರುತಿಸುವಾಗ ಮನೆಯ ಹೆಸರು ಮೊದಲು, ಅವರ ಹೆಸರು ಆಮೇಲೆ. ಕಾದಂಬರಿಯಲ್ಲೂ ಹಾಗೆಯೇ ಹಿಡಿಯಿರಿ.

ನೂರು ಪುಟದ ಒಂದು ನೋಟ್‌ಬುಕ್ಕು ತನ್ನಿ. ಒಂದೊಂದು ಮನೆಗೆ ಎದುರುಬದುರು ಎರಡು ಪುಟ ಬಿಡಿ. ಎಡಪುಟದಲ್ಲಿ ಮನೆಯವರು: ಯಜಮಾನ, ಹೆಂಡತಿ, ಮಕ್ಕಳು, ಅಣ್ಣ ತಮ್ಮ, ವಿಧವೆಯರು. ಬಲಪುಟದಲ್ಲಿ ಆ ಮನೆಗೆ ಸೇರಿದ ಇತರರು: ಹೊಲಗೇರಿಯವರು, ಬಿಡಾರದ ಕೂಲಿಯಾಳುಗಳು, ಒಕ್ಕಲುಗಳು, ನಾಯಿಗಳು ಕೂಡ. ಹುಲಿಯನಿಗೆ ಅಲ್ಲಿ ಜಾಗ ಕೊಡದಿದ್ದರೆ ದಾಖಲೆ ಅಪೂರ್ಣ. ಹೆಸರು ಮೊದಲ ಸಲ ಬಂದ ಪುಟಸಂಖ್ಯೆಯನ್ನು ಪಕ್ಕದಲ್ಲಿ ಬರೆಯಿರಿ. ಒಬ್ಬರಿಗೆ ಒಂದು ಸಾಲು ಸಾಕು: ‘ತಿಮ್ಮಿ, ಬೆಟ್ಟಳ್ಳಿ ಹೊಲಗೇರಿ, ಗುತ್ತಿಯ ಮನಸ್ಸಿನಲ್ಲಿರುವವಳು’. ಸಾರಾಂಶ ಬರೆಯಲು ಹೋಗಬೇಡಿ. ಹಾಗೆ ಹೋದವರು ಎರಡನೆಯ ವಾರ ನೋಟ್‌ಬುಕ್ಕನ್ನೂ ಬಿಡುತ್ತಾರೆ, ಕಾದಂಬರಿಯನ್ನೂ ಬಿಡುತ್ತಾರೆ. ದಿನಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಈ ಕೆಲಸಕ್ಕೆ ಕೊಡಬೇಡಿ.

ಇಲ್ಲಿ ಕಾಸರಗೋಡಿನ ಓದುಗರು ಬೀಳುವ ಒಂದು ಹಳ್ಳವಿದೆ, ಬೆಂಗಳೂರಿನವರಿಗೆ ಅದು ಇಲ್ಲ. ಹೆಸರಿನ ಬಾಲ ನೋಡಿ ಜಾತಿ ಊಹಿಸುವುದು ನಮ್ಮ ಕಿವಿಗೆ ಅಭ್ಯಾಸವಾಗಿಬಿಟ್ಟಿದೆ. ‘ಹೆಗ್ಡೆ’ ಎಂದರೆ ತುಳುನಾಡಿನಲ್ಲಿ ಬಂಟರು ಎಂದುಕೊಳ್ಳುತ್ತೇವೆ, ಶಿರಸಿ ಸಿದ್ಧಾಪುರದ ಕಡೆಯ ನೆಂಟರಿರುವ ಹವ್ಯಕರಿಗೆ ಹೆಗಡೆ ಎಂದರೆ ನಮ್ಮವರೇ. ‘ನಾಯಕ್’ ಎಂದರೆ ಕೊಂಕಣಿಯವರೋ ಮರಾಠಿಯವರೋ ಅನ್ನಿಸುತ್ತದೆ. ‘ಅಯ್ಯ’ ಎಂದು ಮುಗಿಯುವ ಹೆಸರು ಕೇಳಿದರೆ ಬ್ರಾಹ್ಮಣರೆಂಬ ಭಾವನೆ ಬರುತ್ತದೆ. ಈ ಕಾದಂಬರಿಯ ಹೆಗ್ಗಡೆ, ಗೌಡ, ನಾಯಕ, ಮುಕುಂದಯ್ಯ, ದೇವಯ್ಯ ಎಲ್ಲರೂ ಮಲೆನಾಡಿನ ಒಕ್ಕಲಿಗ ಮನೆತನದವರು. ಇದೊಂದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಯಾರು ಯಾರ ಮನೆಯ ಒಳಗೆ ಹೋಗುತ್ತಾರೆ, ಯಾರು ಅಂಗಳದಲ್ಲೇ ನಿಲ್ಲುತ್ತಾರೆ, ಯಾವ ಮದುವೆಗೆ ಯಾಕೆ ಅಷ್ಟು ಗದ್ದಲ ಎಂಬುದೆಲ್ಲ ಇದರ ಮೇಲೆ ನಿಂತಿದೆ.

ಅದಕ್ಕೆ ಬದಲಾಗಿ ನಿಮಗೊಂದು ಲಾಭವೂ ಇದೆ. ಐತ, ಪೀಂಚಲು, ಚೀಂಕ್ರ, ಅಕ್ಕಣಿ ಎಂಬ ಹೆಸರುಗಳನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಐತಾರ ಹುಟ್ಟಿದವನು ಐತ, ಅಂಗಾರ ಹುಟ್ಟಿದವನು ಅಂಗಾರ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ ಎಂಬ ತುಳು ಲೆಕ್ಕ ನಿಮ್ಮ ತೋಟದ ಕೆಲಸಕ್ಕೆ ಬರುವ ಹಿರಿಯರಿಗೆ ಗೊತ್ತಿರುತ್ತದೆ. ಇವರು ಘಟ್ಟದ ಕೆಳಗಿನಿಂದ ಸೇರೆಗಾರನ ಹಿಂದೆ ಕೂಲಿಗೆ ಹತ್ತಿ ಬಂದ ಜನ. ಸೇರೆಗಾರ ಎಂದರೆ ಆಳುಗಳನ್ನು ಒಟ್ಟುಮಾಡಿ ತಂದು ಕೆಲಸ ಮಾಡಿಸುವ ಮೇಸ್ತ್ರಿ. ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಆಗ ತೀರ್ಥಹಳ್ಳಿ ಮೈಸೂರು ಸಂಸ್ಥಾನದಲ್ಲಿತ್ತು. ಆಗುಂಬೆ ಘಾಟಿ ಇಳಿದರೆ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ, ಕಾಸರಗೋಡೂ ಅದೇ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರವರೆಗೂ ಕಾಸರಗೋಡು ಮಂಗಳೂರಿನ ಜೊತೆಗೇ ಇತ್ತು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಐತ ಪೀಂಚಲು ನಿಮ್ಮ ಹಳೆಯ ಜಿಲ್ಲೆಯಿಂದ ಹೋದವರು. ಅವರ ಬಿಡಾರದ ಪುಟಗಳನ್ನು ಮೊದಲು ಗಟ್ಟಿಮಾಡಿಕೊಂಡರೆ ಹೆಗ್ಗಡೆಗಳ ಮನೆಯೊಳಗೆ ಹೋಗುವುದು ಸುಲಭವಾಗುತ್ತದೆ.

ನೋಟ್‌ಬುಕ್ಕಿನ ನಡುವಿನ ಎರಡು ಹಾಳೆಯಲ್ಲಿ ನಕ್ಷೆ ಬರೆಯಿರಿ. ತೀರ್ಥಹಳ್ಳಿ, ತುಂಗಾ ಹೊಳೆ, ಆಗುಂಬೆಯ ಕಡೆ ಹೋಗುವ ದಾರಿ, ಆ ದಾರಿಯಲ್ಲಿ ಮೇಗರವಳ್ಳಿ. ಇವಿಷ್ಟು ನಿಜವಾದ ಭೂಪಟದಲ್ಲಿ ಇರುವ ಜಾಗಗಳು, ಮೊದಲು ಪೆನ್ನಿನಲ್ಲಿ ಗುರುತು ಮಾಡಿ. ತೀರ್ಥಹಳ್ಳಿಯಿಂದ ಆಗುಂಬೆಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಉಳಿದ ಮನೆಗಳನ್ನು ಪೆನ್ಸಿಲಿನಲ್ಲಿ ಹಾಕಿ, ಓದುತ್ತ ಹೋದ ಹಾಗೆ ಅಳಿಸಿ ಸರಿಪಡಿಸಿ. ನಕ್ಷೆ ಅಳತೆಗೆ ಸರಿಯಾಗಿರಬೇಕೆಂದಿಲ್ಲ. ಯಾರಾದರೂ ಒಂದು ಮನೆಯಿಂದ ಇನ್ನೊಂದಕ್ಕೆ ಹೋದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆಯಿರಿ: ಬೆಳಗ್ಗೆ, ಬೈಗು, ನಡುರಾತ್ರಿ. ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಮನೆಗಳಲ್ಲಿ ನಡೆಯುವುದನ್ನು ಕಾದಂಬರಿ ಒಂದಾದ ಮೇಲೆ ಒಂದಾಗಿ ಹೇಳಬೇಕಾಗುತ್ತದೆ. ಹೊತ್ತು ಬರೆದುಕೊಳ್ಳದವರಿಗೆ ‘ಇವನು ಆಗಲೇ ಹೊರಟುಹೋಗಿದ್ದನಲ್ಲ?’ ಎಂಬ ಗೊಂದಲ ಹುಟ್ಟುತ್ತದೆ, ಹಿಂದಿನ ಪುಟ ಹುಡುಕುತ್ತ ರಾತ್ರಿ ಕಳೆಯುತ್ತದೆ. ಇಬ್ಬರು ದಾರಿಯಲ್ಲಿ ಎದುರಾಗುವ ಸನ್ನಿವೇಶಗಳು ಇಲ್ಲಿ ಬಹಳ. ನಕ್ಷೆಯಲ್ಲಿ ಎರಡು ಗೆರೆ ಕೂಡುವ ಜಾಗ ಕಂಡಾಗ ಆ ಭೇಟಿಯ ತೂಕ ಏನೆಂದು ತಾನಾಗಿ ತಿಳಿಯುತ್ತದೆ.

ಈಗ ಪುಟಗಳ ಲೆಕ್ಕ. ಮೊದಲ ಮುದ್ರಣ 1967ರದ್ದು. ಆಮೇಲಿನ ಮುದ್ರಣಗಳಲ್ಲಿ ಅಕ್ಷರದ ಗಾತ್ರ, ಪುಟದ ಸಂಖ್ಯೆ ಬೇರೆ ಬೇರೆ. ನಿಮ್ಮ ಕೈಯಲ್ಲಿರುವುದು ಏಳುನೂರು ಪುಟದ ಹತ್ತಿರದ್ದು ಎಂದಿಟ್ಟುಕೊಳ್ಳೋಣ. ರಾತ್ರಿಯ ಮುಕ್ಕಾಲು ಗಂಟೆಯಲ್ಲಿ ಎಂಟು ಪುಟ ಸಾಕು. ಅರ್ಧ ಗಂಟೆ ಓದು, ಐದು ನಿಮಿಷ ನೋಟ್‌ಬುಕ್ಕು, ಉಳಿದ ಹತ್ತು ನಿಮಿಷ ಅವತ್ತಿನ ಒಂದು ಪುಟವನ್ನು ಗಟ್ಟಿಯಾಗಿ ಎರಡನೆಯ ಸಲ ಓದುವುದಕ್ಕೆ. ವಾರಕ್ಕೆ ಐದು ದಿನ ಎಂದರೆ ನಲವತ್ತು ಪುಟ, ಏಳುನೂರಕ್ಕೆ ಹದಿನೆಂಟು ವಾರ. ಜೂನ್ ಮೊದಲ ವಾರ ಮಳೆ ಹಿಡಿಯುವಾಗ ಶುರು ಮಾಡಿದರೆ ಅಕ್ಟೋಬರ್ ಮೊದಲರ್ಧಕ್ಕೆ ಮುಗಿಯುತ್ತದೆ. ಮಳೆಗಾಲದಲ್ಲಿ ಓದುವುದಕ್ಕೆ ಇನ್ನೊಂದು ಕಾರಣವಿದೆ. ಹೊರಗೆ ತುಳುವರ ಆಟಿ ತಿಂಗಳ ಮಳೆ ಸುರಿಯುವಾಗ, ಜಿಗಣೆ, ಒದ್ದೆ ಕಂಬಳಿ, ತುಂಬಿದ ಹೊಳೆಯನ್ನು ವಿವರಿಸುವ ವಾಕ್ಯಗಳಿಗೆ ಬೇರೆ ಟಿಪ್ಪಣಿ ಬೇಕಾಗುವುದಿಲ್ಲ.

ಎಂಟು ಪುಟ ಎಂಬುದು ಎಲ್ಲರಿಗೂ ಒಂದೇ ಅಲ್ಲ. ಗಡಿಯಾರ ಇಟ್ಟು ಎರಡು ಪುಟ ಗಟ್ಟಿಯಾಗಿ ಓದಿ. ಆರು ನಿಮಿಷದ ಒಳಗೆ ಮುಗಿದರೆ ಎಂಟು ಸರಿ. ಹತ್ತು ನಿಮಿಷ ಹಿಡಿದರೆ ಐದಕ್ಕೆ ಇಳಿಸಿ, ತಿಂಗಳು ಕಳೆದ ಮೇಲೆ ತಾನಾಗಿ ಏರುತ್ತದೆ. ಒಳ್ಳೆಯ ಭಾಗ ಸಿಕ್ಕಿತೆಂದು ಒಂದೇ ರಾತ್ರಿ ನಲವತ್ತು ಪುಟ ಓದುವುದನ್ನು ಮಾತ್ರ ಮಾಡಬೇಡಿ. ಮರುದಿನ ಸುಸ್ತು, ಅದರ ಮರುದಿನ ‘ಆಗಲೇ ಮುಂದಿದ್ದೇನಲ್ಲ’ ಎಂಬ ಸಮಾಧಾನ, ನಾಲ್ಕನೆಯ ದಿನಕ್ಕೆ ಅಭ್ಯಾಸ ಕಡಿದಿರುತ್ತದೆ.

ಎಲ್ಲಿಂದ ಶುರು? ಮೊದಲ ಎಪ್ಪತ್ತು ಪುಟಗಳನ್ನು ನೀವು ಮೂರು ಸಲ ಓದಿದ್ದೀರಿ. ಈ ಸಲ ಅವಕ್ಕೆ ಮೂರು ರಾತ್ರಿ ಸಾಕು. ಬೇಗಬೇಗ ಓದಿ ಮನೆಗಳ ಪುಟ ತುಂಬಿಸಿ, ನಕ್ಷೆ ಎಳೆಯಿರಿ, ಮತ್ತೇನೂ ಮಾಡಬೇಡಿ. ನಿಧಾನದ ಓದು ಎಪ್ಪತ್ತೊಂದರಿಂದ.

ಭಾಷೆಯ ಮಾತಿಗೆ ಬಂದರೆ, ಈ ಪುಸ್ತಕದಲ್ಲಿ ಎರಡು ಕನ್ನಡಗಳಿವೆ, ಎರಡಕ್ಕೂ ಬೇರೆ ಬೇರೆ ಉಪಾಯ ಬೇಕು. ಜನರು ಮಾತಾಡುವುದು ಮಲೆನಾಡಿನ ಆಡುನುಡಿ. ಕಥೆ ಹೇಳುವವರ ಮಾತು ಸಂಸ್ಕೃತ ತುಂಬಿದ ಉದ್ದ ವಾಕ್ಯಗಳ ಬರಹಗನ್ನಡ. ಒಂದೇ ಪುಟದಲ್ಲಿ ಎರಡೂ ಇರುವುದರಿಂದ ಕಣ್ಣಿಗೆ ಕಷ್ಟವಾಗುತ್ತದೆ.

ಆಡುನುಡಿಯನ್ನು ಕಣ್ಣಿನಿಂದ ಓದಬೇಡಿ, ಬಾಯಿಂದ ಓದಿ. ಅಚ್ಚಿನಲ್ಲಿ ವಿಚಿತ್ರವಾಗಿ ಕಂಡ ಶಬ್ದ ಕಿವಿಗೆ ಬಿದ್ದಾಗ ಪರಿಚಯವಾಗಿಬಿಡುತ್ತದೆ. ‘ಬರ್ತೀನಿ’ಯಲ್ಲಿನ ರಕಾರ ಬಿದ್ದು ‘ಬತ್ತೀನಿ’ ಆಗುವುದು ಮೈಸೂರಿನ ಪಾಠಪುಸ್ತಕ ಓದಿದವರಿಗೆ ಹೊಸದು, ‘ಆನು ಬತ್ತೆ’ ಎನ್ನುವ ನಿಮ್ಮ ಮನೆಮಾತಿಗೆ ಹೊಸದಲ್ಲ. ಸಂಭಾಷಣೆ ಇರುವ ಪುಟಗಳನ್ನು ತಾಳಮದ್ದಳೆಯಲ್ಲಿ ಅರ್ಥ ಹೇಳುವವರ ಹಾಗೆ ಒಬ್ಬೊಬ್ಬರಿಗೆ ಒಂದೊಂದು ದನಿ ಕೊಟ್ಟು ಓದಿದರೆ, ‘ಅಯ್ಯಾ’ ಎನ್ನುವವನು ಯಾರು, ‘ಕಣೋ’ ಎನ್ನುವವನು ಯಾರು ಎಂಬುದರಲ್ಲೇ ಮೇಲು ಕೀಳಿನ ಲೆಕ್ಕ ಕೇಳಿಸುತ್ತದೆ. ಕುವೆಂಪು ಅದನ್ನು ವಿವರಿಸಿ ಹೇಳುವುದಿಲ್ಲ, ಸಂಬೋಧನೆಯಲ್ಲೇ ಇಡುತ್ತಾರೆ.

ವಸ್ತುಗಳ ಹೆಸರಿಗೆ ನಿಮ್ಮ ಊರಿನ ಜೋಡಿ ಹುಡುಕಿ ಅಂಚಿನಲ್ಲಿ ಬರೆಯಿರಿ. ಅಲ್ಲಿಯ ಬಗನಿ ಮರ ಇಲ್ಲಿಯ ಬೈನೆ, ತುಳುವಿನ ಈಂದು. ಬಗನಿ ಕಳ್ಳಿನ ಸುದ್ದಿ ಕಾದಂಬರಿಯ ಉದ್ದಕ್ಕೂ ಬರುತ್ತದೆ. ಆಳುಗಳು ತಲೆಗೆ ಹಾಕುವ ಹಾಳೆಟೊಪ್ಪಿ ನಿಮ್ಮ ಮುಟ್ಟಾಳೆ. ಕಂಬಳಿಕೊಪ್ಪೆ ಎಂದರೆ ಕಂಬಳಿಯನ್ನು ಮಡಿಸಿ ಮಳೆಗೆ ತಲೆಯಿಂದ ಬೆನ್ನಿನವರೆಗೆ ಸೂಡಿಕೊಳ್ಳುವುದು, ನಿಮ್ಮಲ್ಲಿ ಆ ಕೆಲಸವನ್ನು ಓಲೆಯ ಗೊರಬು ಮಾಡುತ್ತಿತ್ತು. ಉಣುಗೋಲು, ತಡಬೆ ಎಂದಾಗ ನಿಮ್ಮ ತೋಟದ ತಡಮೆಯನ್ನೋ ದಣಪೆಯನ್ನೋ ನೆನೆಯಿರಿ: ದನ ನುಗ್ಗದ ಹಾಗೆ, ಮನುಷ್ಯ ದಾಟುವ ಹಾಗೆ ಮಾಡಿದ ದಾರಿ. ಕಾನು ಎಂದರೆ ಬಿಸಿಲು ಇಳಿಯದ ದಟ್ಟ ಕಾಡು. ಹಕ್ಕಲು ಎಂದರೆ ಮರ ಕಡಿಮೆಯಿರುವ ಕುರುಚಲು ಜಾಗ. ಇವೆರಡರ ವ್ಯತ್ಯಾಸ ತಿಳಿಯದಿದ್ದರೆ ಬೇಟೆಯ ಪುಟಗಳು ಗೋಜಲು. ಬೇಟೆಯಲ್ಲಿ ಸೋವು ಎಂದರೆ ಗದ್ದಲ ಮಾಡಿ ಪ್ರಾಣಿಯನ್ನು ಎಬ್ಬಿಸಿ ಓಡಿಸುವುದು, ಬಿಲ್ಲು ಎಂದರೆ ಕೋವಿ ಹಿಡಿದವನು ಕಾದು ನಿಲ್ಲುವ ಜಾಗ. ಬಾಣದ ಬಿಲ್ಲಲ್ಲ. ಜಕಣಿ ಎಂದು ಬಂದರೆ ಸತ್ತ ಹಿರಿಯರ ಆತ್ಮಕ್ಕೆ ಸಂಬಂಧಿಸಿದ್ದು, ತುಳುವಿನ ಕುಲೆಗೆ ಹತ್ತಿರ. ಅದನ್ನು ನಿಮ್ಮ ಊರಿನ ದೈವ ಎಂದುಕೊಂಡರೆ ಆ ಭಯದ ಸ್ವರೂಪ ತಪ್ಪಾಗುತ್ತದೆ.

ಗೊತ್ತಿಲ್ಲದ ಪ್ರತಿ ಶಬ್ದಕ್ಕೂ ನಿಘಂಟು ತೆರೆಯಬೇಡಿ. ಒಂದು ಶಬ್ದ ಮೂರನೆಯ ಸಲ ಬಂದಾಗಲೂ ತಿಳಿಯದಿದ್ದರೆ ಮಾತ್ರ ನೋಡಿ, ಅಥವಾ ಅದಿಲ್ಲದೆ ಘಟನೆಯೇ ತಿಳಿಯದಿದ್ದರೆ ನೋಡಿ. ಗಿಡ, ಹಕ್ಕಿ, ಪಾತ್ರೆಯ ಹೆಸರು ಎಂದು ಗೊತ್ತಾದರೆ ಅಷ್ಟಕ್ಕೆ ಮುಂದೆ ಹೋಗಬಹುದು. ಗ್ರಂಥಾಲಯದಲ್ಲಿ ಕಿಟ್ಟೆಲ್ ನಿಘಂಟು ಸಿಕ್ಕರೆ ಅದನ್ನೇ ಬಳಸಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅದು ಹೆಚ್ಚು ಕಡಿಮೆ ಈ ಕಥೆ ನಡೆಯುವ ಕಾಲದ್ದೇ. ಇಂದಿನ ಚಿಕ್ಕ ನಿಘಂಟುಗಳು ಬಿಟ್ಟ ಎಷ್ಟೋ ಶಬ್ದಗಳು ಅದರಲ್ಲಿ ಇವೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕಾಲೇಜು ಗ್ರಂಥಾಲಯಗಳಲ್ಲಿ ಇರುತ್ತದೆ. ತಿಂಗಳಿಗೊಮ್ಮೆ ಹೋಗಿ ಪಟ್ಟಿ ಮಾಡಿಟ್ಟ ಇಪ್ಪತ್ತು ಶಬ್ದ ನೋಡಿ ಬಂದರೆ ಸಾಕು.

ಕಥೆ ಹೇಳುವವರ ಉದ್ದ ವಾಕ್ಯಗಳ ವಿಷಯ. ಕಣ್ಣು ಜಾರುವುದು ಇಲ್ಲೇ. ವಾಕ್ಯದ ಕೊನೆಯ ಕ್ರಿಯಾಪದಕ್ಕೆ ಮೊದಲು ಹೋಗಿ. ಆಮೇಲೆ ಯಾರು, ಏನು ಎಂದು ಕೇಳಿ. ಉಳಿದದ್ದೆಲ್ಲ ಅದಕ್ಕೆ ತೊಡಿಸಿದ ಬಟ್ಟೆ. ಅದೇ ಬಗೆಯಲ್ಲಿ ನಾನೇ ಕಟ್ಟಿದ ಒಂದು ಮಾದರಿ: ‘ಇಳಿಬಿಸಿಲಿಗೆ ಹೊಂಬಣ್ಣ ತಿರುಗಿದ್ದ ಅಡಕೆಯ ಸೋಗೆಗಳ ನಡುವಿನಿಂದ ನುಸುಳಿ, ತಡಬೆಯನ್ನು ಒಂದೇ ನೆಗೆತಕ್ಕೆ ದಾಟಿ, ಒಡೆಯನ ದನಿ ಬಂದ ದಿಕ್ಕಿಗೆ ಕಿವಿ ನಿಮಿರಿಸಿದ ನಾಯಿ, ಮರುಕ್ಷಣವೇ ಬಾಲ ಮುದುರಿ ಕುಳಿತುಬಿಟ್ಟಿತು.’ ಕುಳಿತಿತು. ಯಾರು? ನಾಯಿ. ಎಂಥ ನಾಯಿ? ಕಿವಿ ನಿಮಿರಿಸಿದ್ದು. ಅದಕ್ಕೆ ಮೊದಲು ಏನು ಮಾಡಿತು? ನುಸುಳಿತು, ದಾಟಿತು. ಹೀಗೆ ಎರಡು ವಾರ ಮಾಡಿದರೆ ಕಣ್ಣು ಇದನ್ನು ತಾನೇ ಮಾಡಲು ಕಲಿಯುತ್ತದೆ. ಉದ್ದ ಸಮಾಸಗಳನ್ನು ಬಲದಿಂದ ಎಡಕ್ಕೆ ಬಿಡಿಸಿ. ‘ವನಶ್ರೇಣಿಧ್ಯಾನಮೌನ’ ಎಂಬಂಥದು ಬಂದರೆ: ಮೌನ, ಎಂಥ ಮೌನ, ಧ್ಯಾನದ್ದು, ಯಾರ ಧ್ಯಾನ, ವನಶ್ರೇಣಿಯದು. ಶಾಲೆಯಲ್ಲಿ ಸಂಸ್ಕೃತ ತೆಗೆದುಕೊಂಡಿದ್ದರೆ ಇದು ನೆನಪಿಗೆ ಬರುತ್ತದೆ.

ವರ್ಣನೆಯನ್ನು ಹಾರಿಸಿ ಓದಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಬೇಡ. ಬೇರೆ ಕಾದಂಬರಿಗಳಲ್ಲಿ ಕಾಡು ಹಿಂದಿನ ಪರದೆ. ಇಲ್ಲಿ ಕಾಡು ಒಂದು ಕಾರಣ. ಹೊತ್ತು ಮುಳುಗಿತೆಂಬುದಕ್ಕೆ ಒಬ್ಬ ಒಂದು ಮನೆಯಲ್ಲಿ ಉಳಿಯುತ್ತಾನೆ, ಹೊಳೆ ಏರಿದ್ದಕ್ಕೆ ಒಂದು ನಿರ್ಧಾರ ಬದಲಾಗುತ್ತದೆ. ವರ್ಣನೆಯ ಪುಟ ಬಿಟ್ಟವರಿಗೆ ಆಮೇಲಿನ ಘಟನೆ ಏಕಾಏಕಿ ನಡೆದಂತೆ ಕಾಣುತ್ತದೆ. ತೀರಾ ದಣಿದ ರಾತ್ರಿ ವರ್ಣನೆ ಎದುರಾದರೆ ಅಲ್ಲೇ ಗುರುತು ಇಟ್ಟು ಮಲಗಿ, ನಾಳೆ ಅಲ್ಲಿಂದ ಓದಿ.

ಓದು ಕಡಿದುಹೋದಾಗ ಏನು ಮಾಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ, ಯಾಕೆಂದರೆ ಹದಿನೆಂಟು ವಾರದಲ್ಲಿ ಖಂಡಿತ ಕಡಿಯುತ್ತದೆ: ಜ್ವರ, ಮದುವೆ, ಅಡಕೆಗೆ ಮದ್ದು ಬಿಡುವ ಗಡಿಬಿಡಿ. ಮೂರು ದಿನ ತಪ್ಪಿದರೆ ಹಿಂದಿನ ಮೂರು ಪುಟ ಓದಿ ಮುಂದೆ ಹೋಗಿ. ಹತ್ತು ದಿನ ತಪ್ಪಿದರೆ ನೋಟ್‌ಬುಕ್ಕನ್ನು ಪೂರ್ತಿ ಒಮ್ಮೆ ನೋಡಿ, ಕೊನೆಗೆ ಓದಿದ ಅಧ್ಯಾಯವನ್ನು ಮತ್ತೆ ಓದಿ. ತಿಂಗಳು ತಪ್ಪಿದರೂ ಒಂದನೆಯ ಪುಟಕ್ಕೆ ಹಿಂದಿರುಗಬೇಡಿ. ನೀವು ಮೂರು ಸಲವೂ ಮಾಡಿದ್ದು ಇದೇ. ಹಾಗೆ ಮಾಡಿದರೆ ಮೊದಲ ಎಪ್ಪತ್ತು ಪುಟ ಬಾಯಿಪಾಠವಾಗುತ್ತದೆ, ಉಳಿದ ಆರುನೂರು ಅಪರಿಚಿತವಾಗಿಯೇ ಇರುತ್ತದೆ. ಈಗ ಕಥೆ ಯಾವ ಮನೆಯಲ್ಲಿದೆಯೋ ಆ ಮನೆ ಹಿಂದೆ ಬಂದ ಅಧ್ಯಾಯವನ್ನು ಪುಟಸಂಖ್ಯೆ ನೋಡಿ ತೆಗೆದು, ಅದೊಂದನ್ನೇ ಓದಿ ಮುಂದುವರಿಯಿರಿ. ಹೆಸರಿನ ಪಕ್ಕ ಪುಟಸಂಖ್ಯೆ ಬರೆಯಲು ಹೇಳಿದ್ದು ಇದಕ್ಕೇ.

ಪುಸ್ತಕದ ಪ್ರತಿ ಸ್ವಂತದ್ದಾಗಿರಲಿ. ನಾಲ್ಕು ತಿಂಗಳ ಓದಿಗೆ ಗ್ರಂಥಾಲಯದ ಗಡು ಸಾಲದು, ಅದರ ಅಂಚಿನಲ್ಲಿ ಬರೆಯುವಂತೆಯೂ ಇಲ್ಲ. ಪುಸ್ತಕ ದಪ್ಪವಾದ್ದರಿಂದ ಮಲಗಿ ಓದಿದರೆ ಹದಿನೈದು ನಿಮಿಷಕ್ಕೆ ಕೈ ಸೋಲುತ್ತದೆ. ಮೇಜಿನ ಮೇಲಿಟ್ಟು ಓದಿ.

ಒಬ್ಬರೇ ಓದುವುದಕ್ಕಿಂತ ಇಬ್ಬರಾದರೆ ಒಳ್ಳೆಯದು. ನಿಮ್ಮ ಕಡೆ ಆಟಿ ತಿಂಗಳಲ್ಲಿ ಪುರಾಣ ಓದಿಸುವ ಕ್ರಮವಿದೆಯಲ್ಲ, ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಅದೇ ಕ್ರಮ ಇಲ್ಲಿಗೂ ಆಗುತ್ತದೆ. ವಾರಕ್ಕೊಮ್ಮೆ, ಭಾನುವಾರ ಸಂಜೆ, ಗೆಳತಿಯೊಬ್ಬಳ ಜೊತೆ ಆ ವಾರದ ನಲವತ್ತು ಪುಟಗಳಲ್ಲಿ ನಾಲ್ಕು ಪುಟ ಮಾತ್ರ ಗಟ್ಟಿಯಾಗಿ ಓದಿ ಮಾತಾಡಿ. ಎದುರಾಗಿ ಕೂರಲು ಆಗದಿದ್ದರೆ ಸಂಭಾಷಣೆಯ ಒಂದು ಪುಟವನ್ನು ಫೋನಿನಲ್ಲಿ ದನಿಯಾಗಿ ಕಳಿಸಿ. ಮುಂದೆ ಓದಿದವರು ಮುಂದಿನದನ್ನು ಹೇಳಬಾರದು, ಇದೊಂದೇ ನಿಯಮ. ಒಂದು ಎಚ್ಚರ: ಆ ಕಾಲದ ಜಾತಿಯ ಹೆಸರುಗಳು, ಬೈಗಳು ಇದ್ದ ಹಾಗೆಯೇ ಅಚ್ಚಾಗಿವೆ. ಹೊಲಗೇರಿಯ ಜನರ ಪ್ರೀತಿ, ಸಿಟ್ಟು, ಧೈರ್ಯಕ್ಕೆ ಹೆಗ್ಗಡೆ ಮನೆಯವರದಕ್ಕೆ ಕೊಟ್ಟಷ್ಟೇ ಜಾಗ ಕೊಟ್ಟ ಕಾದಂಬರಿ ಇದು, ಆದರೆ ಆ ಶಬ್ದಗಳು ಇಂದೂ ನೋಯಿಸುತ್ತವೆ. ನಾಲ್ಕು ಜನರ ನಡುವೆ ಗಟ್ಟಿಯಾಗಿ ಓದುವಾಗ ಯಾರು ಕೇಳುತ್ತಿದ್ದಾರೆಂದು ನೋಡಿ ಪುಟ ಆಯ್ದುಕೊಳ್ಳಿ. ಹೆಂಗಸರ ಮೇಲೆ ನಡೆಯುವ ಬಲಾತ್ಕಾರದ ಪುಟಗಳೂ ಇವೆ. ಅಂಥ ರಾತ್ರಿ ಎಂಟರ ಲೆಕ್ಕ ಬಿಟ್ಟು ಅಲ್ಲಿಗೆ ನಿಲ್ಲಿಸಿದರೂ ಆಗುತ್ತದೆ.

ನಾಟಕ. ಮೈಸೂರಿನ ರಂಗಾಯಣ 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದನ್ನು ರಂಗಕ್ಕೆ ತಂದಿತು. ರಾತ್ರಿಯಿಡೀ ಸುಮಾರು ಒಂಬತ್ತು ಗಂಟೆಯ ಪ್ರಯೋಗ, ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ಹೋಗಿ ನೋಡುವಂಥದು. ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿ ಅಭ್ಯಾಸವಿರುವ ನಿಮ್ಮ ಊರಿನವರಿಗೆ ಅದು ಹಿಡಿಸುತ್ತದೆ. ಆದರೆ ಮೊದಲೇ ನೋಡಬೇಡಿ. ನೋಡಿದರೆ ಗುತ್ತಿ, ತಿಮ್ಮಿ, ಪೀಂಚಲು ಎಲ್ಲರಿಗೂ ನಟರ ಮುಖ ಅಂಟಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಮುಂದೇನಾಗುತ್ತದೆಂದು ಗೊತ್ತಾದವರು ಪುಸ್ತಕದಲ್ಲಿ ಆ ಘಟನೆಗಳನ್ನೇ ಹುಡುಕುತ್ತ ಓಡುತ್ತಾರೆ. ಅರ್ಧ ಪುಸ್ತಕ ದಾಟಿದ ಮೇಲೆ ನೋಡಿದರೆ ನಷ್ಟವಿಲ್ಲ, ಅಷ್ಟು ಹೊತ್ತಿಗೆ ನಿಮ್ಮದೇ ಮುಖಗಳು ಗಟ್ಟಿಯಾಗಿರುತ್ತವೆ.

ಮೊದಲು ಓದಬೇಕಾದದ್ದು ಏನಾದರೂ ಇದೆಯೇ ಎಂದರೆ, ‘ಮಲೆನಾಡಿನ ಚಿತ್ರಗಳು’. ಕುವೆಂಪು ಅವರದೇ 1933ರ ಪುಸ್ತಕ, ಚಿಕ್ಕದು, ಒಂದೊಂದು ಬರಹವೂ ಒಂದು ರಾತ್ರಿಗೆ ಮುಗಿಯುತ್ತದೆ. ಬೇಟೆ, ಮಳೆ, ಮನೆ, ಕಾಡಿನ ಶಬ್ದಗಳಿಗೆ ಅದು ಒಳ್ಳೆಯ ಪರಿಚಯ. ಎರಡು ವಾರ ಅದಕ್ಕೆ ಕೊಟ್ಟರೆ ದೊಡ್ಡ ಪುಸ್ತಕದಲ್ಲಿ ನಿಘಂಟಿನ ಕೆಲಸ ಬಹಳ ಕಡಿಮೆಯಾಗುತ್ತದೆ. ಅವರ 1936ರ ಕಾದಂಬರಿ ‘ಕಾನೂರು ಹೆಗ್ಗಡಿತಿ’ಯನ್ನು ಮೊದಲು ಓದಿ ಎಂದು ಹಲವರು ಹೇಳುತ್ತಾರೆ. ಅದು ಒಂದು ಮನೆಯ ಸುತ್ತ ಕಟ್ಟಿದ ಕಥೆ, ಹಿಡಿಯಲು ಸುಲಭ ನಿಜ. ಆದರೆ ಅದನ್ನು ಓದಿದ ಕೂಡಲೇ ಇದಕ್ಕೆ ಬಂದವರು ಅದರ ನಾಯಕ ಹೂವಯ್ಯನಂಥ ಒಬ್ಬನನ್ನು ಇಲ್ಲೂ ಹುಡುಕುತ್ತಾರೆ. ನಿಮಗೆ ಈಗಾಗಲೇ ಇರುವ ತೊಂದರೆಯೇ ಅದು. ಹಾಗಾಗಿ ಅದನ್ನು ಆಮೇಲೆ ಓದಿ.

ಮಗಳ ವಿಷಯ. ಹನ್ನೊಂದು ವರ್ಷದವಳಿಗೆ ಪುಸ್ತಕ ಪೂರ್ತಿ ಬೇಡ, ಅವಳ ವಯಸ್ಸಿಗೆ ಸಲ್ಲದ ಭಾಗಗಳು ಬಹಳ ಇವೆ. ನಕ್ಷೆಯ ಕೆಲಸ ಅವಳಿಗೆ ವಹಿಸಿ. ನೀವು ‘ಇವತ್ತು ಗುತ್ತಿ ಇಲ್ಲಿಂದ ಇಲ್ಲಿಗೆ ಹೋದ, ರಾತ್ರಿ, ಮಳೆ’ ಎಂದು ಹೇಳಿ, ಅವಳು ಗೆರೆ ಎಳೆದು ಮನೆಯ ಹೆಸರನ್ನು ಕನ್ನಡದಲ್ಲಿ ಬರೆಯಲಿ. ಏಳೆಂಟು ಮನೆಗಳ ಹೆಸರು ಹತ್ತಾರು ಸಲ ಬರೆಯುವಷ್ಟರಲ್ಲಿ ಒತ್ತಕ್ಷರಗಳ ಹೆದರಿಕೆ ಹೋಗುತ್ತದೆ. ಓದಿ ಹೇಳುವುದಕ್ಕೆ ಗುತ್ತಿ ಮತ್ತು ಹುಲಿಯ ಕಾಡಿನಲ್ಲಿ ನಡೆಯುವ ಪುಟಗಳು, ಬೀಸೆಕಲ್ಲಿನ ಪ್ರಸಂಗ ಒಳ್ಳೆಯವು. ಒಂದು ಸಲಕ್ಕೆ ಹತ್ತು ನಿಮಿಷ ಮೀರದಿರಲಿ. ಕೊನೆಯ ಅಧ್ಯಾಯಗಳನ್ನು ಮಾತ್ರ ನೀವು ಮೊದಲು ಒಬ್ಬರೇ ಓದಿಕೊಳ್ಳಿ. ಆಗ ಅವಳು ಆ ನಾಯಿಯನ್ನು ಎಷ್ಟು ಹಚ್ಚಿಕೊಂಡಿದ್ದಾಳೆಂದು ನಿಮಗೆ ಗೊತ್ತಿರುತ್ತದೆ. ತುಂಬಿದ ತುಂಗೆಯ ಪುಟಗಳನ್ನು ಅವಳಿಗೆ ಯಾವಾಗ ಓದಬೇಕೆಂದು ಅದನ್ನು ನೋಡಿ ತೀರ್ಮಾನಿಸಿ.